ಕಳೆ

ಜುಲೈ ತಿಂಗಳ ಮಡಿಕೇರಿಯಲ್ಲಿ
ಮಧ್ಯಾಹ್ನ ಮೂರಕ್ಕೇ ಲೈಟು ಹಾಕುತ್ತಾರೆ.
ಈ ಕೋಣೆಗೆ ಮಾತ್ರ ಕತ್ತಲೇ ಬೇಕು:
ಕಿಟಕಿಗೆ ಕಪ್ಪು ಬಟ್ಟೆ,
ಬಣ್ಣ ಬೆರೆಸಿದ ನಳಿಕೆಗಳಿಗೆ ಬೆಳ್ಳಿ ಕಾಗದದ ಕುಲಾವಿ.

ನಾಪೋಕ್ಲಿನ ಬೋಜಮ್ಮ, ಅರವತ್ತೆಂಟು, ಕೆಮ್ಮು ಎಂಟು ತಿಂಗಳು.
ಎದೆಯೊಳಗೆ ಉಪ್ಪುನೀರು ಬಿಟ್ಟು ಹೀರಿ ತೆಗೆದದ್ದು
ಸೀಸೆಯಲ್ಲಿ ಮಂಜಿನ ಹಾಗೆ ಕೂತಿದೆ.
ಅದರೊಳಗಿನ ಕೋಶಗಳಿಗೆ ಇನ್ನೂ ಜೀವವಿದೆ.
ರೇಷನ್ ಅಂಗಡಿಯ ಮುಂದಿನಂತೆ
ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿ
ಕೂದಲೆಳೆಯಷ್ಟು ಸಣ್ಣ ನೀರದಾರಿಯಲ್ಲಿ ಹಾಯಿಸಿ
ನೀಲಿ ಲೇಸರಿನ ಎದುರು ಹೆಸರು ಕೂಗುತ್ತದೆ ಯಂತ್ರ.
ಹಚ್ಚಿದ ಬಣ್ಣ ಹಿಡಿದವರು ಮಿನುಗುತ್ತಾರೆ,
ಹಿಡಿಯದವರು ಕತ್ತಲಲ್ಲೇ ದಾಟಿ ಹೋಗುತ್ತಾರೆ.
ಪುಸ್ತಕದಲ್ಲಿ ಹಾಗೆ.

ಪರದೆಯ ಮೇಲೆ ಎಲ್ಲರೂ ಮಿನುಗಿದರು.
ಹಸಿರಿನಲ್ಲಿ, ಕಿತ್ತಳೆಯಲ್ಲಿ,
ನಾವು ಹಚ್ಚಿಯೇ ಇರದ ಕೆಂಪಿನಲ್ಲೂ.
ವಿರಾಜಪೇಟೆಯ ಜಸೀಲ್, ಕೆಲಸ ಕಲಿಯಲು ಬಂದು ಆರು ವಾರ,
ಕುರ್ಚಿ ಬಿಟ್ಟು ಎದ್ದೇಬಿಟ್ಟ:
"ಅಕ್ಕಾ, ನೂರಕ್ಕೆ ಅರವತ್ತು! ಡಾಕ್ಟರಿಗೆ ಫೋನ್ ಮಾಡಲಾ?"

ಕೂರು, ಅಂದೆ.
ಹೋಲಿಸಲು ಇಟ್ಟೆಯಲ್ಲ ಬಣ್ಣ ಹಚ್ಚದ ನಳಿಕೆ, ಅದು ಯಾರದು?
"ನಿನ್ನೆಯದು. ಆ ಕಾಲೇಜು ಹುಡುಗನದು. ಉಳಿದಿತ್ತು."

ಪಾಪ, ಏನನ್ನೂ ಚೆಲ್ಲದ ಮನೆಯ ಹುಡುಗ.
ಆದರೆ ಹತ್ತೊಂಬತ್ತರ ಎದೆಯ ಕತ್ತಲನ್ನು ಸೇರು ಮಾಡಿಕೊಂಡು
ಅರವತ್ತೆಂಟನ್ನು ಅಳೆಯಲು ಹೊರಟರೆ
ಆಯುಷ್ಯವೇ ರೋಗದ ಹಾಗೆ ಕಾಣುತ್ತದೆ.

ಬೆಳಿಗ್ಗೆ ಬೆಂಚಿನ ಮೇಲೆ ನೋಡಿದ್ದೆ ಬೋಜಮ್ಮನನ್ನು.
ಸಹಿ ಹಾಕುವಾಗ ತೋರಿಸಿದರು, ಹುಳಿ ತಿಂದ ಹೆಬ್ಬೆರಳು.
ಮಳೆಗಾಲ ಪೂರ್ತಿ ಪಣಪುಳಿ ಹಣ್ಣಿನ ರಸ ಇಳಿಸಿ
ಮಡಕೆಯಲ್ಲಿ, ಹಸಿ ಸೌದೆಯ ಮೇಲೆ, ಕುದಿಸಿ, ಕುದಿಸಿ,
ಕೊಡ ತುಂಬ ರಸಕ್ಕೆ ಒಂದು ಬಾಟಲಿ ಕಾಚಂಪುಳಿ.
ನಲವತ್ತು ಮಳೆಗಾಲ.
ಹೊಗೆಗೆ ಬೇರೆ ಕಿಂಡಿ ಇರಲಿಲ್ಲ.
"ನೀರು ಹೋಗ್ಬೇಕು, ಹುಳಿ ಇರ್ಬೇಕು, ಅಷ್ಟೇ ಕೆಲ್ಸ" ಅಂದರು.
ನನ್ನ ಕೆಲಸವನ್ನು ನನಗೆ ಯಾರೂ
ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಸೀಸೆಯ ತಳದಲ್ಲಿ ಅರ್ಧ ಚಮಚ ಉಳಿದಿತ್ತು.
ಏನೂ ಬೆರೆಸದೆ, ಬರೀ ಅವರನ್ನೇ,
ಅದೇ ವೇಗದಲ್ಲಿ, ಅದೇ ಬೆಳಕಿಗೆ ಬಿಟ್ಟೆವು.
ಬಂದರು. ಬೂದಿ ಕೆದಕಿದಾಗ ಕಾಣುವ ಕೆಂಡದ ಹಾಗೆ,
ಯಾರ ಬಣ್ಣದ ಹಂಗೂ ಇಲ್ಲದೆ.
ಪ್ರತಿ ಕೋಶದ ಹೊಟ್ಟೆಯಲ್ಲೂ ನುಂಗಿಟ್ಟುಕೊಂಡ ಹೊಗೆ,
ಅರಗಲಾರದೆ ಬೆಳಗುತ್ತಿತ್ತು.

ಈಗ ಇದನ್ನು ಅದರಿಂದ ಕಳೆ, ಅಂದೆ.
ಅವರನ್ನು ಅವರಿಂದಲೇ.
ಪರರ ನಳಿಕೆಯಿಂದ ಆಗುವ ಲೆಕ್ಕವಲ್ಲ ಇದು.
ತೋಟದಲ್ಲಿ ಕಳೆ ತೆಗೆಯುವವರನ್ನು ಕೇಳು,
ಕಾಫಿ ಸಸಿ ಯಾವುದು ಅಂತ ಮೊದಲು
ಬಗ್ಗಿ ನೋಡಿಕೊಂಡೇ ಕತ್ತಿ ಬೀಸುತ್ತಾರೆ.
ಗೆರೆ ಸರಿಸಿದ.
ಅರವತ್ತು ಹನ್ನೊಂದಾಯಿತು, ನಾಲ್ಕಾಯಿತು,
ಎರಡರ ಹತ್ತಿರ ಬಂದು ನಿಂತಿತು.
ಎರಡು ಯಾರಿಗಾದರೂ ಇರುತ್ತದೆ. ನನಗೂ.

ವರದಿಗೆ ಒಂದು ಸಾಲು: ಸಂಶಯದ ಕೋಶಗಳು ಕಂಡುಬಂದಿಲ್ಲ.
ಕೆಮ್ಮು ಯಾಕೆ ಅನ್ನುವುದು
ಇನ್ನೊಂದು ಪರೀಕ್ಷೆ, ಇನ್ನೊಂದು ಕೋಣೆ.
ಕಳೆದ ಐವತ್ತೆಂಟನ್ನು ಬರೆಯಲು
ಅಚ್ಚಾದ ಹಾಳೆಯಲ್ಲಿ ಜಾಗವಿಲ್ಲ.

ನಳಿಕೆ ಎಸೆಯಲು ಹೋದ ಜಸೀಲ್
ಬಾಗಿಲಲ್ಲೇ ನಿಂತು ಕೇಳಿದ:
"ನಮ್ಮ ಉಮ್ಮ ಸೌದೆ ಒಲೆಯಲ್ಲೇ ಪತ್ತಿರಿ ಸುಡೋದು.
ಅವರದೂ ಹೀಗೇ ಇರುತ್ತಾ, ಅಕ್ಕಾ?"

ಐದಕ್ಕೆ ಕಪ್ಪು ಬಟ್ಟೆ ಸರಿಸಿದೆ.
ಕೆಳಗೆ ಬಸ್ ಸ್ಟ್ಯಾಂಡಿನ ಇಳಿಜಾರಿನಲ್ಲಿ
ತಂಗಿಯ ಮಗಳ ತೋಳು ಹಿಡಿದು ಬೋಜಮ್ಮ,
ಇಬ್ಬರಿಗೂ ಸೇರಿ ಒಂದೇ ಕೊಡೆ.
ವರದಿ ಅವರ ಕೈಗೆ ಇನ್ನೂ ಹೋಗಿಲ್ಲ.
ಒಮ್ಮೆ ತಿರುಗಿ ಮೇಲೆ ನೋಡಿದರು.
ಮಂಜು. ಇಷ್ಟು ದೂರದಿಂದ
ಮುಖದಲ್ಲಿ ಕಳೆ ಇತ್ತೇ, ಹೇಳಲಾರೆ.